ಬ್ಯಾಗಿಗೆ ಬಳಿದ ವಿಭೂತಿ

ಗೆಳೆಯರೇ, ಚರ್ಮದ ಬ್ಯಾಗಿಗೆ ವಿಭೂತಿ ಬಳಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇವತ್ತು ಹಿಂದೂಪುರದಿಂದ ಕಲ್ಯಾಣದುರ್ಗದ ಅತ್ತೆಮನೆಗೆ ಬರುವಾಗ ಬಸ್ಸಿನಲ್ಲಿ ಉಪ್ಪಿನಕಾಯಿ ಡಬ್ಬಿ ಸೋರಿ, ನನ್ನ ಬ್ಯಾಗಿನ ಮೇಲೆ ಅಂಗೈಯಗಲ ಎಣ್ಣೆ ಕಲೆಯಾಯಿತು. ಚರ್ಮದ್ದು ಎಂದು ಅತ್ತೆ ಆ ಬ್ಯಾಗನ್ನು ಇದುವರೆಗೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅದರ ಜಾಗ ಚಪ್ಪಲಿಗಳ ಪಕ್ಕ.

ಜಗುಲಿಯಲ್ಲಿ ಕೂತು ಸೋಪಿನ ನೀರು ಹಚ್ಚಲು ಹೊರಟಾಗ ಅತ್ತೆ ತಡೆದರು. "ನೀರು ಮುಟ್ಟಿಸ್ಬ್ಯಾಡ ಕಣಮ್ಮ, ತೊಗಲು ಬಿರೀತೈತೆ. ಎಣ್ಣೆ ಹೀರೋದು ಬೂದಿನೇ." ಒಳಗೆ ಹೋಗಿ ದೇವರ ಮನೆಯಿಂದ ವಿಭೂತಿ ಉಂಡೆ ತಂದು, ಪುಡಿ ಮಾಡಿ ಕಲೆಯ ಮೇಲೆ ಸುರಿದರು.

"ಅತ್ತೆ, ವಿಭೂತೀನಾ?" ಎಂದೆ.

"ಗ್ಯಾಸ್ ಬಂದ ಮ್ಯಾಲೆ ಮನೇಲಿ ಬೂದಿ ಎಲ್ಲೈತೆ, ನೀನೇ ಚೆಪ್ಪು," ಅರ್ಧ ತೆಲುಗಿನಲ್ಲಿ ಅತ್ತೆ ನನ್ನನ್ನೇ ಕೇಳಿದರು.

ಸಂಜೆ ಒರೆಸಿ ನೋಡಿದರೆ ಕಲೆ ಮುಕ್ಕಾಲು ಪಾಲು ಹೋಗಿತ್ತು. ಎಂದಿನಂತೆ ಬ್ಯಾಗನ್ನು ಚಪ್ಪಲಿಗಳ ಪಕ್ಕ ಇಡಲು ಹೋದೆ. "ಇಬೂತಿ ಬಿದ್ದಿರೋದನ್ನ ಮೆಟ್ಟಿನ ತಾವ ಇಡ್ತಾರಾ? ಒಳಕ್ಕೆ ತಗೊಂಡ್ ಬಾ" ಎಂದು ಅತ್ತೆ ಗದರಿದರು.

ಈಗ ಬ್ಯಾಗು ನಡುಮನೆಯ ಗೂಟಕ್ಕೆ ನೇತಾಡುತ್ತಿದೆ. ನನ್ನ ಚಪ್ಪಲಿಯ ಮೇಲೂ ಒಂದಿಷ್ಟು ಎಣ್ಣೆ ಬಿದ್ದಿದೆ. ಅತ್ತೆಗೆ ಇನ್ನೂ ಹೇಳಿಲ್ಲ.