ನನ್ನ ಮಗ ಮಾತು ಕಲಿತದ್ದು ನನ್ನಿಂದಲ್ಲ

ನಿಜಾಮರ ಆಳಿಕೆ ಮುಗಿದ ಮರುವರ್ಷ ನಾನು ಮದುವೆಯಾಗಿ ಸುಲೇಪೇಟದಿಂದ ವಾಡಿಗೆ ಬಂದೆ. ಗಂಡ ಸೇಡಂನವರು, ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ನಮ್ಮದು ರೈಲ್ವೆ ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯ ಮನೆ. ಪಕ್ಕದಲ್ಲಿ ಧಾರವಾಡ ಕಡೆಯ ಗಾರ್ಡ್ ಒಬ್ಬರ ಸಂಸಾರವಿತ್ತು.

ಬಂದ ಹೊಸದರಲ್ಲಿ ಆ ಗಾರ್ಡಿನ ಹೆಂಡತಿ ತನ್ನ ಗೆಳತಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದರು. ನಾನು ಸಂಭ್ರಮದಿಂದ, "ಬರ್ರಿ, ಕುಂದ್ರಿ, ಜರಾ ಠೈರ್ರಿ, ಚಾ ಇಡಲಿಕತ್ತೀನಿ" ಎಂದೆ. ಆಕೆ ಗೆಳತಿಯ ಕಡೆ ತಿರುಗಿ, "ಠೈರ್ರಿ ಅಂತ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಡೀರಿ ಅನ್ನಲು ನಮ್ಮ ಕಡೆ ಉರ್ದು ಬೆರೆಸಿ ಹಾಗನ್ನುತ್ತಿದ್ದೆವು. ಕೆಟ್ಟ ಮನಸ್ಸಿನಿಂದೇನಲ್ಲ, ನಗು ಬಂತು, ನಕ್ಕರು. ಆದರೆ ನನಗೆ ಒಲೆಯ ಮುಂದೆ ಕೂತಾಗ ಕಿವಿಯವರೆಗೂ ಉರಿ ಹತ್ತಿತು. ಅಂದು ಸಂಜೆ ಗಂಡನಿಗೆ ಹೇಳಿದರೆ ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೂಟು ಬಿಚ್ಚುತ್ತಾ, "ನಾಲ್ಕು ಮಂದ್ಯಾಗ ಮಾತು ಕಮ್ಮಿ ಆಡು" ಎಂದರು.

ಅವರ ಕಷ್ಟವೂ ನನಗೆ ಗೊತ್ತಿತ್ತು. ಅವರು ಓದಿದ್ದೆಲ್ಲ ಉರ್ದುವಿನಲ್ಲಿ. ಕಾಲ ಬದಲಾಗಿ ಸುತ್ತ ಕನ್ನಡ ಓದಿದವರು ಬಂದು ಕೂತಾಗ, ಒಂದು ಅರ್ಜಿ ಬರೆಯಲೂ ಅವರು ಇನ್ನೊಬ್ಬರನ್ನು ಕೇಳಬೇಕಾಗುತ್ತಿತ್ತು. ಮಗ ಹುಟ್ಟಿದ ಮೇಲೆ ಒಂದು ದಿನ ತೊಟ್ಟಿಲ ಪಕ್ಕ ನಿಂತು ಅವರು ಹೇಳಿದರು: "ನನಗ ಆದಂಗ ಇವಂಗ ಆಗಬಾರದು. ಇವನ ಮುಂದ ನಿಮ್ಮ ಊರ ಮಾತು ಬ್ಯಾಡ. ಆಡಿದ್ರ ಪುಸ್ತಕದಾಗಿನಂಗ ಆಡು."

ಪುಸ್ತಕದ ಹಾಗೆ ಆಡುವುದು ನನಗೆಲ್ಲಿ ಬರಬೇಕು? ಎರಡು ಸಲ ಪ್ರಯತ್ನಿಸಿದೆ. "ಮಗುವೇ, ಹಾಲು ಕುಡಿಯುವೆಯಾ" ಎಂದು ಬಾಯಿ ತೆರೆದರೆ ನನ್ನ ದನಿ ನನಗೇ ಬೇರೆ ಯಾರದೋ ಅನಿಸುತ್ತಿತ್ತು. ಗೋಡೆಯಾಚೆ ಗಾರ್ಡಿನ ಹೆಂಡತಿ ಕೇಳಿಸಿಕೊಂಡಾರು ಎಂಬ ಅಂಜಿಕೆ ಬೇರೆ. ಕಡೆಗೆ ಸುಮ್ಮನಾದೆ. ಸುಮ್ಮನೆ ಎರೆದೆ, ಸುಮ್ಮನೆ ಉಣಿಸಿದೆ, ಸುಮ್ಮನೆ ಮಲಗಿಸಿದೆ. ಅವನು ತಂಬಿಗೆಯತ್ತ ನೋಡಿದರೆ ನೀರು ಕೊಡುತ್ತಿದ್ದೆ. ಬಾಗಿಲ ಕಡೆ ಕೈ ಮಾಡಿದರೆ ಎತ್ತಿಕೊಂಡು ಹೊರಗೆ ನಿಲ್ಲುತ್ತಿದ್ದೆ. ಅಳುವ ಅವಶ್ಯಕತೆಯೇ ಅವನಿಗೆ ಬರಲಿಲ್ಲ. "ಎಷ್ಟ ಶಾಣ್ಯಾ ಕೂಸು!" ಎಂದು ಓಣಿಯವರು ಹೊಗಳುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಮೂರು ವರ್ಷ ತುಂಬಿದರೂ ಅವನು ಒಂದು ಮಾತೂ ಆಡಲಿಲ್ಲ. ಆದರೆ ಇಂಜಿನ್ನು ಸಿಳ್ಳೆ ಹಾಕಿದಂತೆ ಹಾಕುತ್ತಿದ್ದ, ಗೂಡ್ಸಿನದು ಬೇರೆ, ಪ್ಯಾಸೆಂಜರಿನದು ಬೇರೆ. ಸೇಡಂನಿಂದ ಬಂದ ಅತ್ತೆ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು, ಸ್ವಾಮಿಗಳಿಂದ ವಿಭೂತಿ ತಂದು ಹಣೆಗೆ ಬಳಿದರು. ಹೋಗುವ ದಿನ ಬಾಗಿಲಲ್ಲಿ ನಿಂತು, ನನಗೆ ಕೇಳುವಂತೆಯೇ ತಮ್ಮ ಮಗನಿಗೆ, "ತಾಯಿ ಹಂಗ ಮಗ, ಮೂಕ ಬಸವ" ಎಂದರು.

ಕಡೆಗೆ ಶಹಾಬಾದಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ ಬಳಿ ಹೋದೆವು. ಅವರು ಮಗುವಿನ ಬೆನ್ನ ಹಿಂದೆ ಒಂದು ತಟ್ಟೆ ಬೀಳಿಸಿದರು. ಅವನು ಬೆಚ್ಚಿ ತಿರುಗಿದ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ಕೇಳಿದರು: "ಕಿವಿ ಬರಾಬರ್ ಅವ, ಬೇಟಿ. ಮನ್ಯಾಗ ಇವನ ಸಂಗಟ ಮಾತಾಡೋರು ಯಾರು?"

ಗಂಡ ಗಡಬಡಿಸಿ, "ಎಲ್ಲಾರೂ ಮಾತಾಡ್ತೀವ್ರಿ ಸಾಹೇಬ್ರ" ಎಂದರು. ಡಾಕ್ಟರು ಔಷಧ ಬರೆಯಲಿಲ್ಲ. "ಮಕ್ಕಳು ಇರೋ ಮನಿಗಿ ಕಳಸ್ರಿ" ಎಂದಷ್ಟೇ ಹೇಳಿದರು. ವಾಡಿಗೆ ಮರಳುವವರೆಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೀಗೆ ನಾನು ಮಗನನ್ನು ಕರೆದುಕೊಂಡು ತವರಿಗೆ ಹೊರಟೆ. ಸೇಡಂವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು. ತವರಿನ ಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಬೆಳಗಿನಿಂದ ಮಲಗುವವರೆಗೆ ಮಾತು ನಿಲ್ಲಿಸುವವಳಲ್ಲ. ಎಮ್ಮೆಗೆ ಒಂದು ಮಾತು, ಒಲೆಗೆ ಒಂದು ಮಾತು, ತನ್ನ ಐದು ಮಕ್ಕಳಿಗೆ ಲೆಕ್ಕವಿಲ್ಲದಷ್ಟು.

ಮರುದಿನ ಮಗ ರೊಟ್ಟಿಯ ಬುಟ್ಟಿಗೆ ಬೆರಳು ಮಾಡಿದ. ನಾನು ಎದ್ದೆ. ವೈನಿ ಹಿಟ್ಟಿನ ಕೈಯಿಂದಲೇ ನನ್ನ ರಟ್ಟೆ ಹಿಡಿದಳು.

"ಕುಂದ್ರು ನೀ. ಅವಂಗ ಬಾಯಿ ಇಲ್ಲೇನು? ಕೇಳ್ಲಿ."

"ಅವಂಗ ಬರಾಂಗಿಲ್ಲ ವೈನಿ."

"ನೀ ಬಿಟ್ರಲ್ಲ ಬರೋದು!"

ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಅಷ್ಟು ಜೋರಾಗಿ ಅವನು ಅತ್ತದ್ದು ನಾನು ಕೇಳಿಯೇ ಇರಲಿಲ್ಲ. ನೆರೆಹೊರೆಯವರು ಬಾಗಿಲಿಗೆ ಬಂದು ನಿಂತರು. ಎಲ್ಲರ ಮುಂದೆ ನಾನು ಬೆತ್ತಲೆ ನಿಂತಂತಾಯಿತು. ವೈನಿ ರೊಟ್ಟಿ ತಟ್ಟುತ್ತಾ ಅವನಿಗೆ, "ರೊಟ್ಟಿ ಅನ್ನಪಾ, ಬಿಸಿ ರೊಟ್ಟಿ, ಬೆಣ್ಣಿ ಹಚ್ಚಿದ ರೊಟ್ಟಿ" ಎನ್ನುತ್ತಲೇ ಇದ್ದಳು. ಅವನು ಅನ್ನಲಿಲ್ಲ. ಕಡೆಗೆ ಕೊಟ್ಟಳು.

ಅವನ ಬಾಯಿ ಬಿಡಿಸಿದ್ದು ವೈನಿಯ ಹಿರಿಯ ಮಗಳು. ಅವನ ಸಿಳ್ಳೆ ಕೇಳಿದ್ದೇ ತಡ, ಮಕ್ಕಳೆಲ್ಲ ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾದರು. ಮುಂದೆ ಇವನೇ ಇಂಜಿನ್ನು. ಅಂಗಳ ಸುತ್ತಿ ಬೇವಿನ ಮರದ ಕೆಳಗೆ ನಿಂತಾಗ ಹುಡುಗಿ ಕೇಳುತ್ತಿದ್ದಳು, "ಡ್ರೈವರ್ ಸಾಹೇಬ್ರ, ಇದು ಯಾವ ಠೇಸನ್ರೀ?" ಇವನು ಸುಮ್ಮನಿದ್ದರೆ ತಾನೇ, "ಚಿತ್ತಾಪುರ! ಇಳೀರಿ, ಇಳೀರಿ" ಎಂದು ಕೂಗುತ್ತಿದ್ದಳು. ಹುಡುಗರು ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ದಿನವೂ ಇದೇ ಆಟ. ಬರಬರುತ್ತಾ ಅವಳು ಅರ್ಧ ಹೇಳಿ ಬಾಯಿ ಮುಚ್ಚತೊಡಗಿದಳು: "ಚಿತ್ತಾ..." ಎಂದು ಅವನ ಮುಖ ನೋಡುತ್ತಾ ಕಾಯುವಳು. ಹಿಂದಿನ ಹುಡುಗರು ತಾಳಲಾರದೆ ತಳ್ಳುವರು.

ಒಂದು ಮಧ್ಯಾಹ್ನ ನಾನು ಹೊರಗೆ ಬೇಳೆ ಹಸನು ಮಾಡುತ್ತಿದ್ದೆ. ರೈಲು ನಿಂತಿತ್ತು, ಹಿಂದಿನವನೊಬ್ಬ ಹಟ ಹಿಡಿದು ಇಳಿಯದೆ ನಿಂತಿದ್ದ. ನನ್ನ ಮಗ ಹಿಂದಕ್ಕೆ ತಿರುಗಿ, ಸಿಟ್ಟಿನಿಂದ ಕೆಂಪಾಗಿ, "ಇಳೀರಿ!" ಎಂದು ಕಿರುಚಿದ.

ವೈನಿ ಕುಣಿದಾಡಿದಳು. ಮಕ್ಕಳು ಚೀರಿದರು. ನಾನು ಮೊರ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಎಮ್ಮೆಯ ಮರೆಯಲ್ಲಿ ನಿಂತೆ. ಸಂತೋಷ ಆಗಲಿಲ್ಲ ಎಂದಲ್ಲ. ಅದಕ್ಕಿಂತ ಮುಂಚೆ ನಾಚಿಕೆ ಬಂತು. ಮೂರು ವರ್ಷ ನನ್ನ ಮಡಿಲಲ್ಲಿ ಕೂತು ನನ್ನ ಬಾಯಿ ನೋಡಿದ ಮಗು, ಮಾತಾಡಲು ವೈನಿಯ ಅಂಗಳದವರೆಗೆ ಬರಬೇಕಾಯಿತಲ್ಲ. ಅವನು ಆಡಿದ್ದು ನಾನು ನುಂಗಿಕೊಂಡಿದ್ದ ಅದೇ ನಮ್ಮೂರ ಮಾತು.

ಆಮೇಲೆ ತಡೆಯಿರಲಿಲ್ಲ. ಮಾತಿನ ಜೊತೆಗೇ ಪ್ರಶ್ನೆಗಳು ಬಂದವು, ಸುಳ್ಳು ಬಂತು, ಬೈಗುಳವೂ ಬಂತು. ಗಂಡ ಕರೆದೊಯ್ಯಲು ಬಂದಾಗ ಅವರ ಮುಂದೆ ನಿಂತು, "ಎಪ್ಪಾ, ಇಷ್ಟ ತಡಾ ಯಾಕ ಮಾಡ್ದಿ? ಏನ್ ಬ್ಯಾನಿ ಬಂದಿತ್ತು ನಿಂಗ?" ಎಂದ. ಅವರು ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು. ಅವನನ್ನು ಹತ್ತಿರಕ್ಕೆ ಎಳೆದುಕೊಂಡು, "ಡ್ಯೂಟಿ ಇತ್ತಪಾ. ಭಾಳ ತಡ ಆತು, ಖರೇ ಅದ" ಎಂದರು. ಮಗನ ಜೊತೆ ಅವರು ಆ ಸೇಡಂ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವಾಡಿಯಲ್ಲಿ ನಾನು ಮಗನ ಜೊತೆ ಮಾತಾಡಿದೆ, ಆದರೆ ಗಾರ್ಡಿನ ಹೆಂಡತಿ ಅಂಗಳದಲ್ಲಿದ್ದರೆ ಆಗಲೂ ದನಿ ತಗ್ಗುತ್ತಿತ್ತು. ಮಗ ಸಾಲೆಗೆ ಹೋದ, ಎಲ್ಲರಂತೆ ಕಲಿತ, ಪುಸ್ತಕದ ಕನ್ನಡವೂ ತಾನಾಗಿ ಬಂತು.

ಎಷ್ಟೋ ವರ್ಷದ ಮೇಲೆ ಸೊಸೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು, "ಅತ್ತಿ, ಇವರು ಸಣ್ಣವರಿದ್ದಾಗ ಯಾವಾಗ ಮಾತಾಡಿದ್ರು?" ಮಗ ಅಲ್ಲೇ ಪೇಪರು ಓದುತ್ತಿದ್ದ. "ಎಲ್ಲಾರಂಗ. ವರ್ಷ ತುಂಬಿದ ಮ್ಯಾಲ" ಎಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಅವಳ ಮಗು ಎರಡಕ್ಕೆ ಬಂದರೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆ ಸುಳ್ಳನ್ನು ತಿದ್ದಲು ನನಗೆ ಎರಡು ದಿನ ಬೇಕಾಯಿತು. ತಿದ್ದುವಾಗಲೂ ಮಗನಿಗೆ ಕೇಳಿಸಬಾರದೆಂದು ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡೇ ಹೇಳಿದೆ.