ಬೆಂಚಿನ ತುದಿಯ ಹತ್ತನೆಯವರು

ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ. ನನಗೆ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ಕೇಳಿದರೆ ಅದನ್ನೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಮನೆಯವರು ಕೊರೊನಾದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಆಸ್ಪತ್ರೆಯಿಂದ ಫೋನಿನಲ್ಲಿ ಅವರು ಕೊನೆಗೆ ಹೇಳಿದ್ದು ಒಂದೇ ಮಾತು, "ಅವ್ವಂಗೆ ಮೊದ್ಲು ಸೂಜಿ ಆಕ್ಸ್ಬುಡು." ಅತ್ತೆಗೆ ಉಬ್ಬಸ. ಅವರನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಗುಂಡ್ಲುಪೇಟೆಯಿಂದ ಲಸಿಕೆಯ ಪೆಟ್ಟಿಗೆ ಎರಡು ಸಲ ಊರಿನ ಶಾಲೆಗೆ ಬಂದು ಹಾಗೇ ಹಿಂದಿರುಗಿತ್ತು. ಒಂದು ಬಾಟಲಿಯಲ್ಲಿ ಹತ್ತು ಜನರ ಮದ್ದು. ಒಡೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹತ್ತು ಜನ ಕೂಡದೆ, ಪೆಟ್ಟಿಗೆಯೊಡನೆ ಬರುವ ಸಿಸ್ಟರ್ ಅದನ್ನು ಒಡೆಯುತ್ತಿರಲಿಲ್ಲ. ಊರವರಿಗೋ ಸೂಜಿ ಎಂದರೆ ಭಯ.

ಮೂರನೆಯ ಸಲ ಬೆಳಗಾಗುತ್ತಲೇ ಮನೆಮನೆ ಹತ್ತಿಳಿದೆ. "ನೀನೇ ಆಕುಸ್ಕೊ ಓಗಮ್ಮಿ, ನಾವಿನ್ನೂ ವಸಿ ದಿನ ಬದುಕ್ಬೇಕು" ಎಂದು ಒಬ್ಬರು ನಕ್ಕರು. ನನ್ನ ವಯಸ್ಸಿನವರಿಗೆ ಆಗ ಕೊಡುತ್ತಿರಲಿಲ್ಲ. ಅತ್ತೆಯೂ ಸೇರಿ ಒಂಬತ್ತು ಜನರನ್ನು ಶಾಲೆಯ ಜಗಲಿಯ ಬೆಂಚಿಗೆ ತಂದು ಕೂರಿಸಿದೆ. ಇನ್ನೊಬ್ಬರು ಸಾಕು, ಒಬ್ಬರೇ ಒಬ್ಬರು! ಮಧ್ಯಾಹ್ನ ದಾಟಿತು. ಸಿಸ್ಟರ್ ಪೆಟ್ಟಿಗೆ ಎತ್ತಿಕೊಂಡರು. ಎತ್ತಿಕೊಂಡವರು ಬೆಂಚಿನ ಕಡೆ ನೋಡಿ, "ಅಯ್ಯೋ, ಹತ್ತಾಯ್ತಲ್ಲ!" ಎಂದರು.

ನಾನೂ ಎಣಿಸಿದೆ. ಹತ್ತು! ಅತ್ತೆಯ ಆಚೆ, ಬೆಂಚಿನ ತುದಿಯಲ್ಲಿ, ಮಾಸ್ಕ್ ಹಾಕಿದ ಒಬ್ಬರು ಅಂಗಿಯ ಎಡತೋಳು ಮಡಿಸಿಕೊಂಡು ತಲೆ ತಗ್ಗಿಸಿ ಕೂತಿದ್ದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಓಡಿಹೋಗಿ ಸೂಜಿ ಹಾಕಿಸಿಕೊಳ್ಳುವವರಿಗೆ ಕುರ್ಚಿ ತಂದೆ, ಸಿಸ್ಟರ್ ಬಾಟಲಿ ಒಡೆದರು, ಮೊದಲ ಸೂಜಿ ಅತ್ತೆಗೇ ಬಿತ್ತು.

ಒಂಬತ್ತು ಜನರದ್ದು ಮುಗಿಯಿತು. ಹತ್ತನೆಯವರಿಲ್ಲ.

"ನಾನೇ ಎಣಿಸಿದ್ನಲ್ಲಮ್ಮ!" ಎನ್ನುತ್ತ ಸಿಸ್ಟರ್ ಬೆಂಚಿನವರನ್ನು ಮತ್ತೆ ಎಣಿಸಿದರು. ಗೇಟಿನಲ್ಲಿ ಕೂತು ಹೆಸರು ಬರೆಯುತ್ತಿದ್ದ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಒಂಬತ್ತೇ ಹೆಸರು. ಶಾಲೆಗಿರುವುದು ಅದೊಂದೇ ಗೇಟು. ಬೇರೆ ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ ಎಂದು ಅವಳು ಆಣೆ ಮಾಡಿದಳು. ಅತ್ತೆಯನ್ನು ಕೇಳಿದರೆ, "ಯಾರೋ ಕಣವ್ವ, ವಸಿ ಸರ್ಕೊ ಅಂದೆ, ಸರ್ಕಂಡ" ಎಂದರು, ಅಷ್ಟೆ.

ಅತ್ತೆ ಇಂದಿಗೂ ಗಟ್ಟಿಯಾಗಿದ್ದಾರೆ. ಅಂದು ಕೂತಿದ್ದವರು ನಮ್ಮ ಮನೆಯವರೇ ಎಂದು ನಾನು ಹೇಳುವುದಿಲ್ಲ. ಹೇಗೆ ಹೇಳಲಿ? ಹತ್ತಾಯಿತು ಎಂಬ ಸಂತೋಷದಲ್ಲಿ ಅವರನ್ನು ಎಣಿಸಿದೆನೇ ಹೊರತು, ನೋಡಲಿಲ್ಲ.