ಕಾಗೆ ಮುಟ್ಟದ ಎಡೆ

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮಂಗಳಮ್ಮ ಬಾಗಿಲಿಗೆ ಬಂದು ರಂಗನಾಥನ ಗೋಪುರದ ಕಡೆಗೆ ಕೈ ಮುಗಿಯುತ್ತಾಳೆ. ಆಮೇಲೆ ಒಂದು ಸ್ಟೀಲ್ ತಟ್ಟೆಯನ್ನು ತೊಳೆದು ಗೋಡೆಗೆ ಒರಗಿಸಿಡುತ್ತಾಳೆ. ಅದು ಅವಳ ಗಂಡ ವೆಂಕಟೇಶನ ತಟ್ಟೆ. ಕಿಕ್ಕೇರಿಯಲ್ಲಿ ಮರಗೆಲಸ ಮಾಡಿಕೊಂಡಿದ್ದ ಆತ, ಯಾರದೋ ಮನೆಯ ಬಾಗಿಲಿನ ಅಳತೆ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಶ್ರೀರಂಗಪಟ್ಟಣದ ಹೊಳೆ ದಡದಲ್ಲಿ ಅಂಥವನೊಬ್ಬನನ್ನು ನೋಡಿದೆವೆಂದು ಯಾರೋ ಹೇಳಿದರು. ಹುಡುಕಿಕೊಂಡು ಬಂದವಳು ಬಸ್‌ ಸ್ಟ್ಯಾಂಡಿನ ಹಿಂದಿನ ಆಶ್ರಯಮನೆಯಲ್ಲಿ ಒಂದು ರಾತ್ರಿ ಮಲಗಿದಳು, ಮರುದಿನ ಅಲ್ಲಿಯ ಅಡುಗೆಗೆ ಕೈ ಹಾಕಿದಳು, ಹಾಗೇ ಉಳಿದುಬಿಟ್ಟಳು.

ಮನೆಯಿಲ್ಲದವರಿಗೆ ಅನ್ನ ಹಾಕುವುದು ಸುಲಭ, ಮನೆಯಲ್ಲಿ ಇರುವುದನ್ನು ಕಲಿಸುವುದು ಕಷ್ಟ ಎಂದು ಅವಳಿಗೆ ಅಲ್ಲಿ ತಿಳಿಯಿತು. ಬೀಗದ ಕೈ ಎಲ್ಲಿಡಬೇಕು, ಗ್ಯಾಸು ಹೇಗೆ ಆರಿಸಬೇಕು, ಒಬ್ಬರಿಗೆ ಎಷ್ಟು ಅಕ್ಕಿ, ಬಾಗಿಲು ಹಾಕಿಕೊಂಡು ಹೆದರದೆ ಮಲಗುವುದು ಹೇಗೆ, ಎಲ್ಲವನ್ನೂ ಅವಳೇ ಕೂತು ಹೇಳಿಕೊಡುತ್ತಿದ್ದಳು. ಹೇಳುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತಿದ್ದಳು.

ಹಾಗೆ ಕಲಿತವರಲ್ಲಿ ಚಿಕ್ಕಯ್ಯನೂ ಒಬ್ಬ. ವರ್ಷಗಟ್ಟಲೆ ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಬದುಕಿದವನು. ಅಸ್ಥಿ ಬಿಡಲು ಬಂದವರು ಹೊಳೆ ದಡದಲ್ಲಿ ಎಲೆ ಹಾಸಿ ಸತ್ತವರಿಗೆ ಅನ್ನದ ಎಡೆ ಇಟ್ಟು ಕಾಯುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ, 'ನಿನ್ನ ಮಗಳ ಮದುವೆ ನಾವು ಮಾಡ್ತೀವಿ, ನಿನ್ನ ದನ ನಾವು ನೋಡ್ಕೊತೀವಿ' ಎಂದು ಏನಾದರೂ ಮಾತು ಕೊಟ್ಟು ಮತ್ತೆ ಕಾಯುತ್ತಾರೆ. ಚಿಕ್ಕಯ್ಯ ಅಲ್ಲಿ ಕಾಗೆ ಕರೆಯುತ್ತಿದ್ದ. ಕಾಗೆ ತಿಂದು ಉಳಿದದ್ದು ಅವನ ಊಟ. ಅನ್ನ ಬಿಟ್ಟು ಬೇರೆಲ್ಲವನ್ನೂ ಅವನ ನಾಲಗೆ ಮರೆತಿತ್ತು. ಮಂಗಳಮ್ಮ ಅವನ ಕೈಗೆ ಮುದ್ದೆ ಕೋಲು ಕೊಟ್ಟ ದಿನ ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ನ ಹೊಳೆ ತಾವ ಯಾರೂ ಇಕ್ಕಲ್ಲ ಕಣವ್ವ."

"ಅದ್ಕೇ ಕಲ್ತ್ಕೊ ಅಂತಿರೋದು. ತಿರುವು, ಗಂಟಾಯ್ತದೆ."

ಪಾಂಡವಪುರದ ಒಂದು ಆಲೆಮನೆಯಲ್ಲಿ, ಬೆಲ್ಲದ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುವ ಕೆಲಸ ಅವನಿಗೆ ಸಿಕ್ಕಿತು. ಹತ್ತಿರದಲ್ಲೇ ಮಾಯಮ್ಮ ಎಂಬಾಕೆ ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಗೋಡೆಗೆ ಸುಣ್ಣ ಬಳಿದು, ದೇವರ ಪಟ ಹಾಕಿ, ಹಾಲುಕ್ಕಿಸಿ ಮಂಗಳಮ್ಮ ವಾಪಸು ಬಂದಳು.

ತಿಂಗಳು ತುಂಬುವುದರೊಳಗೆ ಮಾಯಮ್ಮನ ಫೋನು ಬಂತು.

"ಮಂಗಳಕ್ಕ, ನಿಮ್ಮ ಮನುಸನ್ನ ಕರ್ಕೊಂಡೋಗ್ಬುಡಿ."

"ಯಾಕವ್ವ, ಕುಡ್ದು ಗಲಾಟೆ ಮಾಡುದ್ನಾ?"

"ಕುಡುದ್ರೆ ನಾನೇ ಎಲ್ಡು ಬೈದು ಸುಮ್ಕಾಗ್ತಿದ್ದೆ. ದಿನಾ ಕಾಂಪೌಂಡ್ ಮ್ಯಾಲೆ ಎಡೆ ಇಕ್ತಾನೆ, ಕಾಗೆ ಕರೀತಾನೆ. ಇಂಗೇ ಆದ್ರೆ ಕಾಗೆಗಳ್ಗೂ ಬಾಡ್ಗೆ ಕೇಳ್ಬೇಕಾಯ್ತದೆ. ನಮ್ಮ ಸೊಸೆ ತುಂಬಿದ ಬಸ್ರಿ. ನಿಮ್ಮನೇಲಿ ಯಾರೋದ್ರು ಅಂತ ಬೀದಿಯೋರೆಲ್ಲ ಕೇಳ್ತಾವ್ರೆ."

ಮಂಗಳಮ್ಮ ಮುಂದಿನ ಬಸ್ಸಿಗೇ ಹೊರಟಳು. ಈ ಕೋಣೆ ಹೋದರೆ ಚಿಕ್ಕಯ್ಯ ಆಶ್ರಯಮನೆಗೆ ಬರುವವನಲ್ಲ, ನೇರ ಹೊಳೆಗೆ ಹೋಗುವವನು. ಅಲ್ಲಿಂದ ಎರಡನೇ ಸಲ ಯಾರನ್ನೂ ಎಬ್ಬಿಸಿ ತಂದದ್ದು ಅವಳಿಗೆ ನೆನಪಿಲ್ಲ.

ಚಿಕ್ಕಯ್ಯ ಹೊಸಿಲ ಮೇಲೆ ಕೂತಿದ್ದ. ಕಾಂಪೌಂಡಿನ ಮೇಲೆ ಕಾಗೆಗಳು ಸಾಲಾಗಿ ಕೂತು, ಅವನು ಕೈ ಎತ್ತಿದ ಕಡೆಗೆಲ್ಲ ಕತ್ತು ಹೊರಳಿಸುತ್ತಿದ್ದವು. ಅವಳು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಅವನೇ ಬಾಯಿ ಬಿಟ್ಟ.

"ಕೆಲವು ದಿನ ಕಾಗೆ ಬತ್ತಾನೇ ಇರ್ಲಿಲ್ಲ ಕಣವ್ವ. ಬಂದೋರು ಕಾದೂ ಕಾದೂ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದೋಗೋರು. ನಂಗೆ ಹೊಟ್ಟೆ ಹಸಿವು. ಕಾಗೆ ಮುಟ್ದೇ ಇದ್ದುದ್ನ ನಾನ್ ತಿಂದಿವ್ನಿ. ಅಂದ್ರೆ ಸತ್ತೋರ ಪಾಲು ಅವ್ರಿಗೆ ಸಿಕ್ಕೇ ಇಲ್ಲ. ಹೊಳೆ ತಾವ ಇದ್ದಾಗ ಸುಮ್ಕಿದ್ರು. ಇಲ್ಲಿ ಬಾಗ್ಲಾಕ್ಕೊಂಡು ತಟ್ಟೆ ಮುಂದೆ ಕೂತ್ರೆ ಸುತ್ತ ಬಂದು ಕೂತ್ಕತಾರೆ. ಮಾತಾಡಲ್ಲ. ನನ್ ಕೈನೇ ನೋಡ್ತಾರೆ."

ಅವನು ಹೇಳಿದ ರೀತಿಗೆ ಮಂಗಳಮ್ಮ ಕತ್ತಲ ಕೋಣೆಯ ಕಡೆಗೆ ತಿರುಗಿ ನೋಡಿದಳು. ಚಾಪೆಯ ಸುತ್ತ ನೆಲ ಬರಿದಾಗಿತ್ತು. ಆದರೂ ಕಾಲು ಚಾಚಲು ಅವಳಿಗೆ ಧೈರ್ಯವಾಗಲಿಲ್ಲ.

"ಚಿಕ್ಕಯ್ಯಣ್ಣ, ಮನೆ ಇಲ್ದೋರ್ಗೆ ದಿನಾ ಎಡೆ. ಮನೆ ಇರೋರು ವರ್ಸಕ್ಕೊಂದಿನ ಇಕ್ತಾರೆ. ನೀನೀಗ ಮನೆ ಇರೋನು," ಎಂದಳು.

ಆಮೇಲೆ ಮಾಯಮ್ಮನ ಹತ್ತಿರ ಹೋದಳು. "ಬರೋ ಅಮಾಸೆಗೆ ಪಿತೃಪಕ್ಸ ಅಲ್ವೇನವ್ವ? ಎಲ್ಲಾರ್ ಮನೇಲೂ ಎಡೆ ಇಕ್ತಾರೆ. ಅವತ್ತೊಂದಿನ ಅವ್ನೂ ಇಕ್ಲಿ. ಮಾರ್ನೆ ದಿನ ಎಲೆ ಕಂಡ್ರೆ ನಾನೇ ಗಂಟು ಕಟ್ಟಿಸ್ತೀನಿ."

ಮಾಯಮ್ಮ ಅಡಿಕೆ ಜಗಿಯುತ್ತ ಯೋಚಿಸಿ, "ಅಮಾಸೆಗೆ ಆದ್ರೆ ಯಾರೂ ಕೇಳಲ್ಲ ಬುಡಿ," ಎಂದಳು.

ಅಮಾವಾಸ್ಯೆಯ ದಿನ ಚಿಕ್ಕಯ್ಯ ಅನ್ನ ಮಾಡಿದ, ಸಾರು ಮಾಡಿದ, ವಡೆ ಕರಿದ. ಎಡೆ ಇಟ್ಟು ಕರೆದ. ದಿನವೂ ಸಾಲುಗಟ್ಟುತ್ತಿದ್ದ ಕಾಗೆಗಳಲ್ಲಿ ಒಂದೂ ಬರಲಿಲ್ಲ. ಅವತ್ತು ಬೀದಿ ತುಂಬ ಎಡೆಯಿತ್ತು. ಆದರೆ ಅವನಿಗೆ ಅದು ಹೊಳೆಯಲಿಲ್ಲ. ಬೆಳಿಗ್ಗೆಯೇ ಬಂದಿದ್ದ ಮಂಗಳಮ್ಮನ ಕಡೆಗೆ ತಿರುಗಿದ.

"ಅವ್ರಿಗೆ ಸಿಟ್ಟು ಕಣವ್ವ. ನಾನು ಹೊಳೆಗೇ ಹೋಯ್ತೀನಿ."

"ಹೊಳೆ ತಾವ ಕಾಗೆ ಬರ್ದಿದ್ರೆ ಏನ್ ಮಾಡ್ತಿದ್ರು?"

"ಮಾತು ಕೊಡೋರು."

"ಅಂಗಾರೆ ನೀನೂ ಕೊಡು."

ಚಿಕ್ಕಯ್ಯ ಟವಲು ಸೊಂಟಕ್ಕೆ ಕಟ್ಟಿ, ಗೋಡೆಯ ಮೇಲಿನ ಎಲೆಗೆ ಕೈ ಮುಗಿದು ನಿಂತ. ಎಷ್ಟೋ ಮನೆಯವರು ಕೊಟ್ಟ ಮಾತು ಕೇಳಿದ್ದವನಿಗೆ ತನ್ನದು ಹೊರಡಲು ತಡವಾಯಿತು.

"ಇನ್ಮ್ಯಾಕೆ ನಿಮ್ ಪಾಲು ತಿನ್ನಕಿಲ್ಲ. ನಂದು ನಾನ್ ಬೇಯ್ಸ್ಕೊಂಡು ಉಣ್ತೀನಿ."

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಒಂದು ಮುದಿ ಕಾಗೆ ಬಂದು ವಡೆಯನ್ನು ಬಿಟ್ಟು ಅನ್ನಕ್ಕೇ ಕೊಕ್ಕು ಹಾಕಿತು. ಚಿಕ್ಕಯ್ಯ ಸೊಂಟದ ಟವಲು ಬಿಚ್ಚಿ ಮುಖ ಒರೆಸಿಕೊಂಡ. ಅಷ್ಟು ಹೊತ್ತೂ ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಾಯಮ್ಮ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದಳು.

ಮಾರನೆಯ ದಿನ ಮಂಗಳಮ್ಮ ಮತ್ತೆ ಬಂದಳು. ಕಾಂಪೌಂಡು ಬರಿದಾಗಿತ್ತು. ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮುದ್ದೆ ಕೋಲು ಪಾತ್ರೆಗೆ ತಾಗುವ ಸದ್ದು ಕೇಳುತ್ತಿತ್ತು. ಅವಳು ತಟ್ಟಲಿಲ್ಲ. ಸದ್ದು ನಿಂತ ಮೇಲೆ ತಟ್ಟೆ ನೆಲಕ್ಕಿಟ್ಟದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಉಣ್ಣುವ ಸದ್ದು.

ಅವಳು ಹೊರಡಬೇಕೆನ್ನುವಷ್ಟರಲ್ಲಿ ಒಳಗಿನಿಂದ ಅವನ ದನಿ ಬಂತು. "ಮಂಗಳವ್ವ, ನಿಮ್ ಹೆಜ್ಜೆ ಗೊತ್ತಾಯ್ತದೆ. ಬಾಗ್ಲು ತಗಿಯಕಿಲ್ಲ, ಉಣ್ತಾ ಇವ್ನಿ."

"ಉಣ್ಣಣ್ಣ."

"ನಿಮ್ ಗೋಡೆ ತಾವ ಒಂದ್ ತಟ್ಟೆ ಅದಲ್ಲ. ಅದ್ಕೆ ಯಾವ ದಿನ?"

ಮಂಗಳಮ್ಮ ಸೆರಗು ಹೊದ್ದು ಬಸ್ಸಿನ ಕಡೆಗೆ ನಡೆದಳು.

ಆಶ್ರಯಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ವೆಂಕಟೇಶನ ತಟ್ಟೆಗೂ ಬಡಿಸಿ ಗೋಡೆಯ ಹತ್ತಿರ ಇಟ್ಟಳು. ಕಿಟಕಿಯ ಕಂಬಿಯ ಮೇಲೆ ಒಂದು ಕಾಗೆ ಬಂದು ಕೂತು, ತಟ್ಟೆಯನ್ನೇ ನೋಡಿ ಕತ್ತು ಹೊರಳಿಸಿತು. ಮಂಗಳಮ್ಮ ಹಣೆಯ ಕುಂಕುಮಕ್ಕೆ ಕೈ ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಸೌಟು ಬೀಸಿ ಅದನ್ನು ಓಡಿಸಿದಳು.

"ಹೋಗು, ಇದು ಎಡೆಯಲ್ಲ, ಊಟ," ಎಂದಳು.